ಪೈಲಟ್ ಪಾಸ್ಕೊಲನ ಸುಳ್ಳು ಮೀಟರು

ಶೆಲ್ವಣದ ಏರಿನಲ್ಲಿ ಪಾಸ್ಕೊಲ್ ಬಾರೆಟನ ಮೋಟಾರ್ ಸೈಕಲ್ಲು ಎರಡು ಸಲ ಕೆಮ್ಮಿ ನಿಂತುಬಿಟ್ಟಾಗ, ಹಿಂದೆ ಕುಳಿತಿದ್ದ ದಿಯೋಗನಿಗೆ ಇಗರ್ಜಿಯ ಗಂಟೆ ಕೇಳಿಸುತ್ತಿತ್ತು. ಸತ್ತವರಿಗಾಗಿ ಹೊಡೆಯುವ ಗಂಟೆ ಅದು. ಒಂದು ಹೊಡೆತಕ್ಕೂ ಇನ್ನೊಂದು ಹೊಡೆತಕ್ಕೂ ನಡುವೆ ಮನುಷ್ಯ ಒಂದು ನಿಟ್ಟುಸಿರು ಬಿಡುವಷ್ಟು ಸಮಯವಿರುತ್ತದೆ. ದಿಯೋಗ್ ಶವಯಾತ್ರೆಯ ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ಕಪ್ಪು ಕೋಟು ತೊಟ್ಟು, ತುತ್ತೂರಿಯನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದ. ಅವನು ಮುಂದೆ ನಿಂತು ಊದದೆ ಹೋದರೆ ಉಳಿದವರಿಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ.

"ಏನಾಯ್ತು?" ಎಂದ ದಿಯೋಗ್.

"ಏನೂ ಆಗಿಲ್ಲ. ಕೂತ್ಕೋ." ಪಾಸ್ಕೊಲ್ ಕಿಕ್ ಒದ್ದ. ಮತ್ತೆ ಒದ್ದ. ಗಾಡಿ ಉಸಿರೆತ್ತಲಿಲ್ಲ.

"ಪೆಟ್ರೋಲ್ ಇದೆಯಾ?"

"ಕಣ್ಣಿಲ್ವಾ ನಿನಗೆ? ಅರ್ಧ ಟ್ಯಾಂಕು ತೋರಿಸ್ತಾ ಇದೆ, ನೋಡು."

ದಿಯೋಗ್ ಕೆಳಗಿಳಿದು, ಟ್ಯಾಂಕಿನ ಮುಚ್ಚಳ ತೆಗೆಸಿ, ಗಾಡಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಅಲ್ಲಾಡಿಸಿದ. ಒಳಗಿನಿಂದ ಸದ್ದೇ ಬರಲಿಲ್ಲ. "ಇದರೊಳಗೆ ಪಾದ್ರಿಗಳ ಆಶೀರ್ವಾದ ಬಿಟ್ರೆ ಬೇರೇನೂ ಇಲ್ಲ, ಪಾಸ್ಕೊಲ್. ರಿಸರ್ವಿಗೆ ತಿರುಗಿಸು."

"ರಿಸರ್ವಿನಲ್ಲೇ ಇದೆ."

"ಯಾವಾಗಿನಿಂದ?"

ಪಾಸ್ಕೊಲ್ ಇನ್ನೊಮ್ಮೆ ಕಿಕ್ ಒದ್ದ. ಪೆಟ್ರೋಲಿನ ನಲ್ಲಿಯನ್ನು ಅವನು ಎಷ್ಟೋ ವರುಷಗಳಿಂದ ರಿಸರ್ವಿನಲ್ಲೇ ಬಿಟ್ಟಿದ್ದ. ಮೀಟರಿನ ಮುಳ್ಳಿನ ಮೇಲೆ ಅವನಿಗಿದ್ದ ನಂಬಿಕೆ ಅಂಥದ್ದು. ದಿಯೋಗ್ ಕೋಟಿನ ಗುಂಡಿ ಬಿಚ್ಚಿ, ತುತ್ತೂರಿಯನ್ನು ಎದೆಗವಚಿಕೊಂಡು ಬಿಸಿಲಲ್ಲೇ ಏರು ಹತ್ತತೊಡಗಿದ. ಅವನು ಮೇಲೆ ತಲುಪುವ ಹೊತ್ತಿಗೆ ಶವಪೆಟ್ಟಿಗೆ ಮನೆಯ ಮೆಟ್ಟಿಲಿಳಿದು ಆಗಿತ್ತು. ತೀರಿಕೊಂಡಿದ್ದ ಮುದುಕಿ ತುತ್ತೂರಿಯಿಲ್ಲದೆ, ಬರೀ ದೊಡ್ಡ ಡೋಲಿನ ಸದ್ದಿನ ಹಿಂದೆ ಸಿಮಿತ್ರಿಯ ಮಣ್ಣಿಗೆ ಹೋದಳು.

ಮೋಟಾರ್ ಸೈಕಲ್ಲನ್ನು ಬಾಡಿಗೆಗೆ ಓಡಿಸುವ ಪೈಲಟ್ ಆದವನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಗಾಡಿ ಪಂಕ್ಚರ್ ಆಗಬಹುದು, ಚೈನು ಕಡಿಯಬಹುದು, ಹಸು ಅಡ್ಡ ಬರಬಹುದು. ಅದಕ್ಕೆಲ್ಲ ಜನ ಅಯ್ಯೋ ಪಾಪ ಎನ್ನುತ್ತಾರೆ. ಬಾಡಿಗೆಯವನನ್ನು ಕೂರಿಸಿಕೊಂಡು ಪೆಟ್ರೋಲಿಲ್ಲದೆ ನಿಂತವನಿಗೆ ಯಾರೂ ಹಾಗೆನ್ನುವುದಿಲ್ಲ. ಕುಡಚಡೆಯ ರೈಲು ನಿಲ್ದಾಣದ ಮುಂದಿನ ಸ್ಟ್ಯಾಂಡಿನಲ್ಲಿ ಆ ಸುದ್ದಿ ಪಾಸ್ಕೊಲನಿಗಿಂತ ಮೊದಲೇ ಬಂದು ಕುಳಿತಿತ್ತು.

"ಬಾ ಪಾತ್ರಾಂವ್, ಬಾ ಧಣಿ," ಎಂದ ಗೋಕುಳದಾಸ, ಸಾಲಿನಲ್ಲಿ ಮೊದಲು ನಿಂತಿದ್ದ ಪೈಲಟ್. "ಇನ್ಮೇಲೆ ನಿನ್ನ ಗಾಡಿಗೆ ಅರ್ಧ ಬಾಡಿಗೆ ತಗೋ. ಏರು ಶುರುವಾಗೋವರೆಗೆ ನೀನು, ಆಮೇಲೆ ಅವರ ಕಾಲು."

ಎಲ್ಲರೂ ನಕ್ಕರು. ಪಾಸ್ಕೊಲ್ ನಗಲಿಲ್ಲ. ನಗುವುದು ಅವನಿಗೆ ಒಗ್ಗಿಯೇ ಇರಲಿಲ್ಲ.

ಅವನ ಬಾಳಿನ ದಾರಿಯೆಲ್ಲ ಕೋಪವೇ ತಿರುಗಿಸಿದ ದಾರಿ. ಹರೆಯದಲ್ಲಿ ಅವನೂ ಎಲ್ಲರಂತೆ ಹಡಗು ಹತ್ತಿದ್ದ. ಅಡುಗೆಯವರ ಮುಖ್ಯಸ್ಥ ಇವನು ಸುಲಿದ ಬಟಾಟೆಯನ್ನು ನೋಡಿ ಏನೋ ಅಂದನೆಂದು ಬಟಾಟೆಯ ಬುಟ್ಟಿಯನ್ನೇ ಅವನ ಕಾಲ ಬುಡಕ್ಕೆ ಸುರಿದು, ಮುಂದಿನ ಬಂದರಿನಲ್ಲಿ ಇಳಿದು ಬಂದ. ಆಮೇಲೆ ಗಣಿಯ ಲಾರಿ ನಡೆಸಿದ. ಅಲ್ಲಿ ಸೂಪರ್ವೈಸರನೊಡನೆ ಜಗಳ. ಒಡಹುಟ್ಟಿದ ಅಣ್ಣನೊಡನೆ ಒಂದು ಮಾವಿನ ಮರದ ಕೊಂಬೆಯ ಸಲುವಾಗಿ ಮಾತು ಬಿಟ್ಟ. ಕೊಂಬೆ ಮಳೆಗಾಲದಲ್ಲಿ ಮುರಿದು ಬಿದ್ದರೂ ಮಾತು ಮರಳಲಿಲ್ಲ. ಕೊನೆಗೆ ಮೋಟಾರ್ ಸೈಕಲ್ಲು ಕೊಂಡು, ಮುಂದಿನ ಮಡ್‌ಗಾರ್ಡಿಗೆ ಹಳದಿ ಬಳಿಸಿಕೊಂಡು ಪೈಲಟ್ ಆದ. ಈ ಕೆಲಸ ಅವನಿಗೆ ಹೊಂದಿತು. ಬಾಡಿಗೆಯವರು ಬೆನ್ನ ಹಿಂದೆ ಇರುತ್ತಾರೆ, ಮುಖ ಕಾಣುವುದಿಲ್ಲ. ಗಾಳಿಯಲ್ಲಿ ಅವನ ಬೈಗುಳ ಅವರಿಗೂ ಕೇಳುವುದಿಲ್ಲ.

ಇಂಥವನಿಗೆ ಒಬ್ಬನೇ ಒಬ್ಬ ಗೆಳೆಯನಿದ್ದ, ಪುಂಡಲೀಕ ಚಾರಿ. ಕಮ್ಮಾರರಾದ ಚಾರಿಗಳ ಕುಲುಮೆಯಿದ್ದ ಅಂಗಳದಲ್ಲೇ ಅವನ ಗ್ಯಾರೇಜು. ಪಾಸ್ಕೊಲನ ಗಾಡಿಯ ಮಾದರಿ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಬೇರೆ ಮೆಕ್ಯಾನಿಕ್ಕುಗಳು ಅದನ್ನು ನೋಡಿದರೆ, "ಇದನ್ನ ಮ್ಯೂಸಿಯಮ್ಮಿಗೆ ಕೊಡು" ಎನ್ನುತ್ತಿದ್ದರು. ಚಾರಿ ಮಾತ್ರ ಸಿಗದ ಭಾಗಗಳನ್ನು ತಾನೇ ಅರದಿಂದ ಉಜ್ಜಿ ಮಾಡಿಕೊಡುತ್ತಿದ್ದ. ಪಾಸ್ಕೊಲ್ ಬೈಯುತ್ತಿದ್ದರೆ ಕೇಳದವನಂತೆ ಬೀಡಿ ಹಚ್ಚುತ್ತಿದ್ದ.

ಅವಮಾನದ ಮರುದಿನ ಪಾಸ್ಕೊಲ್ ಗಾಡಿಯ ಮುಂದೆ ನಿಂತು ಮೀಟರಿನ ಗುಂಡು ಗಾಜನ್ನೇ ದಿಟ್ಟಿಸಿದ. ಪೆಟ್ರೋಲಿನ ಮುಳ್ಳು ಈಗಲೂ ಅರ್ಧದಲ್ಲೇ ನಿಂತಿತ್ತು, ಟ್ಯಾಂಕು ತುಂಬಿಸಿದ್ದರೂ. ವೇಗದ ಮುಳ್ಳಂತೂ ನಾಲ್ಕೈದು ದಿನಗಳಿಂದ ಸೊನ್ನೆ ಬಿಟ್ಟು ಏಳುತ್ತಿರಲಿಲ್ಲ. ಹೋದ ವಾರದವರೆಗೆ ಎರಡೂ ಚೆನ್ನಾಗಿದ್ದವು. ಹೋದ ವಾರ ಏನಾಯಿತು? ಚಾರಿಯ ಹತ್ತಿರ ಸರ್ವಿಸಿಗೆ ಬಿಟ್ಟಿದ್ದ. ಆಗ ಚಾರಿಯ ಅಂಗಳದಲ್ಲಿ ಇಂಥದ್ದೇ ಇನ್ನೊಂದು ಗಾಡಿ ನಿಂತಿತ್ತಲ್ಲವೇ? ಪಣಜಿಯ ಯಾರೋ ಡಾಕ್ಟರರದ್ದು. ಹಳೆಯ ಗಾಡಿಗಳನ್ನು ಹೊಸದರಂತೆ ಮಾಡಿಸಿ ಮನೆಯಲ್ಲಿ ನಿಲ್ಲಿಸಿಕೊಳ್ಳುವ ಖಯಾಲಿ ಅವರಿಗೆ. ಅಸಲಿ ಭಾಗಗಳಿಗೆ ಕೇಳಿದಷ್ಟು ಕೊಡುತ್ತಾರಂತೆ.

ಎರಡು ಮುಳ್ಳು ಒಂದೇ ವಾರದಲ್ಲಿ ತಾವಾಗಿ ಸಾಯುತ್ತವೆಯೇ? ಪಾಸ್ಕೊಲನ ತಲೆಯಲ್ಲಿ ಲೆಕ್ಕ ಕೂಡಿಬಿಟ್ಟಿತು.

ಅವನು ಗ್ಯಾರೇಜಿಗೆ ಹೋಗಿ ಕೇಳಿದ್ದರೆ ಅಷ್ಟಕ್ಕೆ ಮುಗಿಯುತ್ತಿತ್ತು. ಹಾಗೆ ಮಾಡಲಿಲ್ಲ. ಮಡಗಾಂವಿನ ರೈಲು ಬರುವ ಹೊತ್ತಿಗೆ ಎಲ್ಲ ಪೈಲಟರೂ ಸ್ಟ್ಯಾಂಡಿನಲ್ಲಿ ಸೇರಿರುತ್ತಾರೆ. ಚಾರಿಯೂ ಅಲ್ಲಿಗೆ ಭಜಿ-ಪಾವು ತಿನ್ನಲು ಬರುತ್ತಾನೆ. ಅಂದು ಅವನು ಪಾವು ಮುರಿಯುತ್ತಿದ್ದಾಗ ಪಾಸ್ಕೊಲ್ ಎಲ್ಲರ ನಡುವೆ ನಿಂತು ಕೇಳಿದ:

"ನನ್ನ ಮೀಟರನ್ನ ಡಾಕ್ಟರಿಗೆ ಎಷ್ಟಕ್ಕೆ ಮಾರಿದೆ?"

ಚಾರಿಗೆ ಮೊದಲು ಅರ್ಥವಾಗಲಿಲ್ಲ. "ಯಾವ ಮೀಟರು?"

"ನನ್ನ ಅಸಲಿ ಮೀಟರು. ಅದನ್ನ ಕಳಚಿ ಅವನ ಗಾಡಿಗೆ ಹಾಕಿ, ಅವನ ಕೊಳೆತ ಮೀಟರನ್ನ ನನಗೆ ಕಟ್ಟಿದ್ದೀಯ. ಅದಕ್ಕೇ ದಿಯೋಗ್ ನಿನ್ನೆ ಬೆವರು ಸುರಿಸ್ಕೊಂಡು ಗುಡ್ಡ ಹತ್ತಿದ್ದು."

"ಪಾಸ್ಕೊಲ್, ಕಿಲೋಮೀಟರಿನ ಅಂಕಿ ನೋಡು. ಅದು ನಿನ್ನ ಅಂಕಿಯೇ ತಾನೆ?"

"ಅಂಕಿ ತಿರುಗಿಸೋಕೆ ಒಂದು ಸೂಜಿ ಸಾಕು. ನಿಮ್ಮ ಕಸುಬಿನವರಿಗೆ ಅದನ್ನ ನಾನು ಹೇಳಿಕೊಡಬೇಕಾ?"

ಚಾರಿ ಕೈಯಲ್ಲಿದ್ದ ಪಾವನ್ನು ತಟ್ಟೆಗೆ ಹಾಕಿದ. ಅವನು ಕೂಗುವ ಮನುಷ್ಯನಲ್ಲ. ಆದರೆ ಅವನ ಕಿವಿಯ ತುದಿಗಳು ಕೆಂಪಾದವು.

"ಕಳ್ಳ ಅಂದೆ," ಎಂದ.

"ಹೌದು, ಅಂದೆ."

"ಸರಿ. ಇನ್ನು ನಿನ್ನ ಗಾಡಿ ನನ್ನ ಅಂಗಳಕ್ಕೆ ಬರಬಾರದು. ನೀನೂ ಬರಬಾರದು."

ಅವನು ತಿಂಡಿ ಅರ್ಧಕ್ಕೆ ಬಿಟ್ಟು ಎದ್ದು ಹೋದ. ಪಾಸ್ಕೊಲನ ಮಾತನ್ನು ಯಾರೂ ಪೂರ್ತಿ ನಂಬಲಿಲ್ಲ. ಆದರೆ ಯಾರೂ ಎದ್ದು ನಿಂತು ಸುಳ್ಳು ಎಂದೂ ಹೇಳಲಿಲ್ಲ. ಕಳ್ಳ ಎಂಬ ಮಾತು ಎಣ್ಣೆಯ ಕಲೆಯಂಥದ್ದು. ಯಾರ ಅಂಗಿಗೆ ಬಿದ್ದರೂ ಪಕ್ಕದವನು ಸ್ವಲ್ಪ ಸರಿದು ಕೂರುತ್ತಾನೆ. ಆ ವಾರ ಸ್ಟ್ಯಾಂಡಿನ ಇಬ್ಬರು ಮೂವರು ತಮ್ಮ ಗಾಡಿಗಳನ್ನು ಸಾವರ್ಡೆಯ ಬೇರೊಂದು ಗ್ಯಾರೇಜಿಗೆ ಒಯ್ದರು. ಹತ್ತಿರ ಬೀಳುತ್ತದೆ ಎಂದರು. ಅದು ಹತ್ತಿರವಾಗಿರಲಿಲ್ಲ.

ಆದಿತ್ಯವಾರ ಮಧ್ಯಾಹ್ನ. ಮೀನಿನ ಸಾರು, ಅನ್ನ ಉಂಡು ಊರೆಲ್ಲ ಮಲಗಿರುವ ಹೊತ್ತು. ಪಾಸ್ಕೊಲ್ ಗಾಡಿಯನ್ನು ಹಲಸಿನ ಮರದ ನೆರಳಿಗೆ ತಳ್ಳಿ, ಸ್ಪ್ಯಾನರುಗಳನ್ನು ಗೋಣಿಯ ಮೇಲೆ ಹರಡಿದ. ದುರಸ್ತಿ ಮಾಡಲು ಅಲ್ಲ. ಮೀಟರು ಬಿಚ್ಚಿ, ಅದು ತನ್ನದಲ್ಲ ಎನ್ನುವುದಕ್ಕೆ ಒಂದು ಸಾಕ್ಷಿ ಹುಡುಕಿ, ಮರುದಿನ ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಹಿಡಿಯಬೇಕೆಂದು.

ಅವನ ಹೆಂಡತಿ ಎಸ್ಪೆರಾನ್ಸ ಮನೆಮುಂದಿನ ಬಾಲ್ಕಾಂವಿನ ಕಲ್ಲುಬೆಂಚಿನ ಮೇಲೆ ಕಾಲು ಚಾಚಿಕೊಂಡಿದ್ದಳು. "ಊರು ಮಲಗಿರೋವಾಗ ಯಾರು ಹೀಗೆ ಕಬ್ಬಿಣ ಕುಟ್ತಾರೆ?" ಎಂದಳು.

"ನೀನು ಮಲಗು."

"ನೀನು ಬೈಯೋದು ನಿಲ್ಲಿಸಿದ್ರೆ ಮಲಗ್ತೀನಿ. ಗೋಡೆಯಾಚೆಯ ಕೋಳಿಗಳೂ ಎದ್ದಿವೆ."

ಅವನು ಕೀಲಿ ತಿರುಗಿಸಿದ. ಮುಳ್ಳು ಎದ್ದು ಅರ್ಧದಲ್ಲಿ ನಿಂತಿತು. ಟ್ಯಾಂಕಿನಲ್ಲಿ ಇದ್ದದ್ದು ಮುಕ್ಕಾಲಿಗೂ ಮೇಲೆ. "ನೋಡು, ಸುಳ್ಳ," ಎಂದು ಮುಳ್ಳಿಗೆ ಬೈದ. ಸಿಟ್ಟಿನಲ್ಲಿ ಬ್ರೇಕಿನ ಪೆಡಲನ್ನು ಕಾಲಿನಿಂದ ತುಳಿದ. ಮುಳ್ಳು ಕೆಳಗೆ ಬಿತ್ತು. ಕಾಲು ತೆಗೆದ. ಮುಳ್ಳು ಮೇಲೆ ಬಂತು. ಮತ್ತೆ ತುಳಿದ, ಮತ್ತೆ ಬಿತ್ತು. ಅವನಿಗೆ ಇನ್ನಷ್ಟು ಕೋಪ ಬಂತು. ಇಂಡಿಕೇಟರನ್ನು ಒತ್ತಿದ.

ಈ ಸಲ ಎಸ್ಪೆರಾನ್ಸಳೂ ಎದ್ದು ಕುಳಿತಳು. ಹಳದಿ ದೀಪ ಮಿನುಗಿದಾಗಲೆಲ್ಲ ಮುಳ್ಳು ಒಮ್ಮೆ ಜಿಗಿಯುತ್ತಿತ್ತು. ದೀಪ ಆರಿದಾಗ ಕೂರುತ್ತಿತ್ತು.

"ಅದು ಸತ್ತಿದೆ ಅಂದ್ಯಲ್ಲ," ಎಂದಳು. "ಸತ್ತದ್ದು ದೀಪದ ಜೊತೆ ಕುಣಿಯುತ್ತಾ?"

ಬಾಯಿ ಮುಚ್ಚು ಎನ್ನಲು ಪಾಸ್ಕೊಲ್ ಬಾಯಿ ತೆರೆದ. ಆದರೆ ಬೆರಳು ಇಂಡಿಕೇಟರನ್ನು ಇನ್ನೊಮ್ಮೆ ಒತ್ತಿತು. ಅಷ್ಟು ವರುಷ ಆ ಗಾಡಿಯ ಮೇಲೆ ಕುಳಿತವನಿಗೆ ಇಷ್ಟು ತಿಳಿದಿತ್ತು: ಬ್ಯಾಟರಿಯಿಂದ ಹೊರಟ ಕರೆಂಟು ಮತ್ತೆ ಬ್ಯಾಟರಿಗೆ ಮರಳಲು ದಾರಿ ಬೇಕು. ತನ್ನ ದಾರಿ ಮುಚ್ಚಿದ್ದರೆ ಅದು ಪಕ್ಕದ ದೀಪದ ವಯರಿನಲ್ಲಿ ನುಸುಳಿ ಹೋಗುತ್ತದೆ. ಆಗ ದೀಪ ಉರಿದರೆ ಮುಳ್ಳು ಒಂದು ಕಡೆ, ಆರಿದರೆ ಇನ್ನೊಂದು ಕಡೆ. ಮೀಟರು ಕೆಟ್ಟರೆ ಹೀಗಾಗುವುದಿಲ್ಲ. ಮೀಟರು ಚೆನ್ನಾಗಿದ್ದು, ಅದರ ಮರಳುವ ದಾರಿ ಕೆಟ್ಟರೆ ಹೀಗಾಗುತ್ತದೆ.

ಅವನಿಗೆ ಇದು ತಿಳಿಯುವುದು ಬೇಡವಾಗಿತ್ತು. ಆದರೂ ಒಂದು ಉದ್ದನೆಯ ವಯರಿನ ತುಂಡು ತೆಗೆದುಕೊಂಡು, ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಮೀಟರಿನ ಬೆನ್ನಿನ ಕಪ್ಪು ವಯರಿಗೆ ಮುಟ್ಟಿಸಿದ. ಮುಳ್ಳು ಸರಾಗವಾಗಿ ಎದ್ದು ಮುಕ್ಕಾಲಿನ ಗೆರೆಯನ್ನು ದಾಟಿ, ಟ್ಯಾಂಕಿನಲ್ಲಿ ಎಷ್ಟಿತ್ತೋ ಅಷ್ಟಕ್ಕೆ ನಿಂತಿತು. ಬ್ರೇಕು ತುಳಿದರೂ ಅಲ್ಲಾಡಲಿಲ್ಲ. ಇಂಡಿಕೇಟರು ಹಾಕಿದರೂ ಅಲ್ಲಾಡಲಿಲ್ಲ.

"ಸರಿಹೋಯ್ತಾ?" ಎಂದಳು ಎಸ್ಪೆರಾನ್ಸ.

ಪಾಸ್ಕೊಲ್ ಆ ಕಪ್ಪು ವಯರನ್ನು ಬೆರಳಿನಿಂದ ಹಿಡಿದುಕೊಂಡು ಅದು ಹೋಗುವ ದಾರಿಯನ್ನೇ ಹಿಂಬಾಲಿಸಿದ. ಹೆಡ್‌ಲೈಟಿನ ಹಿಂದೆ ತಿರುಗಿ, ಮುಂದಿನ ಫೋರ್ಕಿನ ನಡುವೆ ಇಳಿದು, ಒಂದು ಚಿಕ್ಕ ಬೋಲ್ಟಿನ ಕೆಳಗೆ ಅದು ಮುಗಿದಿತ್ತು. ವಯರಿನ ತುದಿಯ ಹಿತ್ತಾಳೆಯ ಬಳೆ ಕಬ್ಬಿಣಕ್ಕೆ ಅಂಟಿಕೊಂಡಿರಬೇಕಾದ ಅರ್ಥಿಂಗಿನ ಜಾಗ ಅದು. ಬೋಲ್ಟು ಬಿಚ್ಚಿ ಬಳೆಯನ್ನು ಎತ್ತಿ ನೋಡಿದ.

ಕೆಳಗೆ ಹಳದಿ ಬಣ್ಣ. ಹೊಸದು, ದಪ್ಪ, ನುಣುಪು, ಒಂದು ಕೂದಲೂ ಸಿಕ್ಕಿಕೊಳ್ಳದಂತೆ ಬಳಿದ ಹಳದಿ. ಬೋಲ್ಟಿನ ತೂತಿನೊಳಗೂ ಹಳದಿ. ಬಣ್ಣದ ಮೂಲಕ ಕರೆಂಟು ಹಾಯುವುದಿಲ್ಲ.

ಸ್ಟ್ಯಾಂಡಿನ ಖುರ್ಸು ಎಂಬ ಶಿಲುಬೆಯ ಮುಂದೆ ವರುಷಕ್ಕೊಮ್ಮೆ ಲದಾಯ್ನ್ ಎಂಬ ಪ್ರಾರ್ಥನೆ ಆಗುತ್ತದೆ. ಕಿರಿಸ್ತಾಂವರೂ ಹಿಂದೂಗಳೂ ಎಂದು ನೋಡದೆ ಎಲ್ಲ ಪೈಲಟರೂ ಸೇರಿ ಹಾಡುತ್ತಾರೆ, ಬೇಯಿಸಿದ ಕಡಲೆ ಹಂಚುತ್ತಾರೆ, ಪಾದ್ರಿಗಳು ಗಾಡಿಗಳ ಮೇಲೆ ನೀರು ಚಿಮುಕಿಸುತ್ತಾರೆ. ಅದರ ಹಿಂದಿನ ದಿನ ಒಂದೇ ಡಬ್ಬಿಯ ಬಣ್ಣದಿಂದ ಪ್ರತಿಯೊಬ್ಬನೂ ತನ್ನ ಮಡ್‌ಗಾರ್ಡಿಗೆ ತನ್ನ ಕೈಯಿಂದಲೇ ಹಳದಿ ಬಳಿಯಬೇಕು, ಪೇಂಟರನಿಗೆ ಕೊಡುವಂತಿಲ್ಲ. ಇದು ಆ ಸ್ಟ್ಯಾಂಡಿನ ಪದ್ಧತಿ. ಉಳಿದವರು ಮಡ್‌ಗಾರ್ಡನ್ನು ಗಾಡಿಯಲ್ಲೇ ಬಿಟ್ಟು ಮೇಲಿಂದ ಎರಡು ಸಲ ಬ್ರಶ್ಶು ಎಳೆಯುತ್ತಿದ್ದರು. ಪಾಸ್ಕೊಲ್ ಹಾಗೆ ಮಾಡುವವನಲ್ಲ. ಚಾರಿಯ ಹತ್ತಿರ ಸರ್ವಿಸಾಗಿ ಬಂದ ಮಾರನೆಯ ದಿನ ಅವನು ಮುಂದಿನ ಚಕ್ರ ಕಳಚಿ, ಮಡ್‌ಗಾರ್ಡು ಬಿಚ್ಚಿ, ಉಜ್ಜಿ, ಮೂರು ಸಲ ಬಳಿದಿದ್ದ. ಡಬ್ಬಿಯಲ್ಲಿ ಬಣ್ಣ ಉಳಿದಿತ್ತು. ಇರಲಿ ಎಂದು ಫೋರ್ಕಿನ ನಡುವಿನ ಕಬ್ಬಿಣಕ್ಕೂ ಬಳಿದಿದ್ದ. ಅಡ್ಡ ಬಂದ ಚಿಕ್ಕ ಬೋಲ್ಟನ್ನು ಬಿಚ್ಚಿ, ಅಡಿಗೂ ಬಳಿದು, ಒಣಗಿದ ಮೇಲೆ ಮತ್ತೆ ಬಿಗಿದಿದ್ದ. ಹಿಂದೆ ಯಾವ ವರುಷವೂ ಯಾರೂ ಬಳಿಯದಷ್ಟು ಚೆಂದ ಬಳಿದೆನೆಂದು ಲದಾಯ್ನಿನ ದಿನ ಗಾಡಿಯನ್ನು ಖುರ್ಸಿಗೆ ಎಲ್ಲರಿಗಿಂತ ಹತ್ತಿರ ನಿಲ್ಲಿಸಿದ್ದ.

ಅವನು ಮುಂದಿನ ಚಕ್ರವನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ, ಅದನ್ನೂ ಬಿಚ್ಚಿದ. ವೇಗದ ಮುಳ್ಳನ್ನು ತಿರುಗಿಸುವ ಕೇಬಲ್ಲು ಚಕ್ರದ ನಡುವಿನ ಒಂದು ಸಣ್ಣ ಡಬ್ಬಿಯಿಂದ ಹೊರಡುತ್ತದೆ. ಆ ಡಬ್ಬಿಯ ಒಳಗಿನ ಕಬ್ಬಿಣದ ನಾಲಗೆ ಚಕ್ರದ ಕಚ್ಚಿನಲ್ಲಿ ಕೂರಬೇಕು. ಕೂತಿರಲಿಲ್ಲ. ಕೂರದೆ ಇದ್ದಾಗಲೇ ಯಾರೋ ಬಲವಾಗಿ ಬಿಗಿದಿದ್ದರಿಂದ ಅದು ಮಡಚಿ, ಮುರಿದಿತ್ತು. ಚಕ್ರವನ್ನು ಹಾಕಿ ಬಿಗಿದವನು ಯಾರೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಪಾಸ್ಕೊಲ್ ಸ್ಪ್ಯಾನರನ್ನು ಎಸೆದ. ಅದು ಹಲಸಿನ ಬೊಡ್ಡೆಗೆ ಬಡಿದು ಬಿತ್ತು. ಬಣ್ಣದ ಡಬ್ಬಿಗೆ ಬೈದ, ಪದ್ಧತಿ ಮಾಡಿದವರಿಗೆ ಬೈದ, ಪಣಜಿಯ ಡಾಕ್ಟರಿಗೆ ಬೈದ. ಬೈಯಲು ಇನ್ನು ಯಾರೂ ಉಳಿಯದಿದ್ದಾಗ ಗೋಣಿಯ ಮೇಲೆ ಕುಳಿತ.

ಎಸ್ಪೆರಾನ್ಸ ಇಳಿದು ಬಂದು, ಬೋಲ್ಟಿನ ಜಾಗವನ್ನು ಬಗ್ಗಿ ನೋಡಿದಳು. "ಇದು ನೀನು ಬಳಿದದ್ದು."

"ಗೊತ್ತು."

"ನೀನೇ ಕೆರೆದು ಸರಿಮಾಡ್ಕೋತೀಯ, ಅಲ್ವಾ? ಮಾಡ್ಕೊಂಡು ಸುಮ್ಮನಿದ್ರೆ ಯಾರಿಗೆ ತಿಳಿಯುತ್ತೆ?"

ಅವನು ತಲೆಯೆತ್ತಿದ. ಆ ಯೋಚನೆ ಅವನಿಗೂ ಬಂದಿತ್ತು.

"ನಿನ್ನೆ ಬಾಜಾರದಲ್ಲಿ ಚಾರಿಯ ಹೆಂಡತಿ ಸಿಕ್ಕಿದ್ಲು," ಎಂದಳು ಅವಳು. "ನನ್ನನ್ನ ನೋಡಿ ಮುಖ ತಿರುಗಿಸಿದ್ಲು. ನಮ್ಮ ಮಗಳ ಮದುವೆಗೆ ರಾತ್ರಿಯೆಲ್ಲ ಕೂತು ದೋದೋಲಿನ ಸಿಹಿ ಕಲಸಿದವಳು ಅವಳು. ನಾನು ಮೀನಿನವಳ ಹತ್ತಿರ ಸುಮ್ಮನೆ ನಿಂತಿದ್ದೆ, ನಾನೇ ಕದ್ದವಳ ಹಾಗೆ. ಇನ್ನೊಂದು ಸಲ ಅವಳ ಮುಂದೆ ಹಾಗೆ ನಿಲ್ಲೋಕೆ ನನ್ನಿಂದ ಆಗಲ್ಲ. ಅಷ್ಟೇ ಹೇಳಿದೆ."

ಅಂದೇ ಸಂಜೆ ಪಾಸ್ಕೊಲ್ ನಡೆದೇ ಚಾರಿಯ ಮನೆಗೆ ಹೋದ. ಚಾರಿ ಅಂಗಳದಲ್ಲಿ ತುಂಡು ಕಬ್ಬಿಣಕ್ಕೆ ಅರ ಹಾಕುತ್ತಿದ್ದ. ತಲೆಯೆತ್ತಲಿಲ್ಲ.

"ಗಾಡಿ ತಂದಿಲ್ಲ," ಎಂದ ಪಾಸ್ಕೊಲ್, ಅಂಗಳದ ಗಡಿಯ ಕಲ್ಲಿನ ಆಚೆ ನಿಂತು. "ಮೀಟರು ನನ್ನದೇ. ಅರ್ಥಿಂಗಿನ ಅಡಿಗೆ ನಾನೇ ಬಣ್ಣ ಬಳಿದಿದ್ದೆ."

ಅರದ ಸದ್ದು ನಿಲ್ಲಲಿಲ್ಲ.

"ಕೇಳಿಸ್ತಾ? ನನ್ನ ತಪ್ಪು ಅಂದೆ."

"ನನಗೆ ಯಾಕೆ ಹೇಳ್ತೀಯ?" ಎಂದ ಚಾರಿ. "ನಾನು ಕದ್ದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೋಗಿ ಹೇಳು. ಕಳ್ಳ ಅಂದದ್ದು ಸ್ಟ್ಯಾಂಡಿನಲ್ಲಿ. ಇಲ್ಲಿ ಕತ್ತಲೆಯಾಗೋ ಹೊತ್ತಲ್ಲಿ ಬಂದು ಕಿವಿಯಲ್ಲಿ ಊದಿದ್ರೆ ಅದು ತೊಳೆದು ಹೋಗುತ್ತಾ?"

"ನೀನೂ ಬಾ, ನಿನ್ನ ಮುಂದೆಯೇ ಹೇಳ್ತೀನಿ."

"ನಾನು ಬರಲ್ಲ. ನನ್ನನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ನೀನು ದೊಡ್ಡ ಮನುಷ್ಯ ಆಗೋದು ಬೇಡ."

ಪಾಸ್ಕೊಲ್ ಮನೆಗೆ ಹಿಂದಿರುಗುವಷ್ಟರಲ್ಲಿ ಮೈಯೆಲ್ಲ ಉರಿಯುತ್ತಿತ್ತು. ತಾನಾಗಿ ಹೋಗಿ ತಪ್ಪೆಂದರೂ ಇವನ ಸೊಕ್ಕು ನೋಡು ಎಂದು ದಾರಿಯುದ್ದಕ್ಕೂ ಗೊಣಗಿದ. ಮನೆಯ ಬಾಗಿಲಿಗೆ ಬಂದಾಗ, ಚಾರಿಯ ಜಾಗದಲ್ಲಿ ತಾನಿದ್ದರೆ ಅರವನ್ನೇ ಎಸೆಯುತ್ತಿದ್ದೆ ಎಂದು ಅವನಿಗೇ ಅನಿಸಿತು. ಅದರಿಂದ ಕೋಪ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು.

ಮರುದಿನ ಮಡಗಾಂವಿನ ರೈಲಿಗೆ ಇನ್ನೂ ಹೊತ್ತಿತ್ತು. ಪೈಲಟರೆಲ್ಲ ಗಾಡಿಗಳ ಮೇಲೆ ಅಡ್ಡಕ್ಕೆ ಕೂತು ಹರಟುತ್ತಿದ್ದರು. ಪಾಸ್ಕೊಲ್ ನಡುವೆ ಬಂದು ನಿಂತ. ಮೆತ್ತಗೆ ಹೇಳಬೇಕೆಂದು ಮನೆಯಲ್ಲಿ ಯೋಚಿಸಿಕೊಂಡು ಬಂದಿದ್ದ. ಬಾಯಿ ತೆರೆದಾಗ ಬಂದದ್ದು ತನ್ನ ಮಾಮೂಲಿನ ದನಿಯೇ.

"ಎಲ್ಲರೂ ಕಿವಿ ಕೊಟ್ಟು ಕೇಳಿ. ಪುಂಡಲೀಕ ಚಾರಿ ಏನೂ ಕದ್ದಿಲ್ಲ. ಮೀಟರು ನನ್ನದೇ. ಲದಾಯ್ನಿಗೆ ಬಣ್ಣ ಬಳಿಯೋವಾಗ ಅರ್ಥಿಂಗಿನ ಅಡಿಗೆ ನಾನೇ ಬಳಿದಿದ್ದೆ. ಚಕ್ರವನ್ನೂ ನಾನೇ ತಪ್ಪಾಗಿ ಹಾಕಿದ್ದೆ. ನಾನು ಅವನನ್ನ ಕಳ್ಳ ಅಂದೆ. ಅದು ನನ್ನ ತಪ್ಪು."

ಗೋಕುಳದಾಸ, "ತಪ್ಪು ಒಪ್ಪಿಕೊಳ್ತಾ ಇದ್ದೀಯೋ, ನಮಗೆ ಬೈತಾ ಇದ್ದೀಯೋ?" ಎಂದ.

"ಎರಡೂ. ನಿಮಗೂ ಬೈತೀನಿ. ನನ್ನ ನಾಲಗೆ ಹೇಗೆ ಅಂತ ನಿಮಗೆ ಗೊತ್ತಿತ್ತು. ಪುಂಡಲೀಕ ಎಂಥವನು ಅಂತಾನೂ ಗೊತ್ತಿತ್ತು. ಅಂದು ನಿಮ್ಮಲ್ಲಿ ಒಬ್ಬನಾದರೂ, ಏಯ್ ಪಾಸ್ಕೊಲ್, ಬಾಯಿ ಮುಚ್ಚು ಅಂದ್ನಾ? ಕಡಲೆ ತಿನ್ನೋಕೆ ಬಾಯಿ ತೆರೀತೀರಿ. ಗಾಡಿಗಳನ್ನ ಸಾವರ್ಡೆಗೆ ಒಯ್ದವರು ಯಾರು? ಹತ್ತಿರ ಬೀಳುತ್ತಾ ಅದು?"

"ನಾವು ಎಲ್ಲಿಗೆ ಒಯ್ಯಬೇಕು ಅಂತ ಹೇಳೋಕೆ ನೀನು ಯಾರಯ್ಯಾ," ಎಂದನೊಬ್ಬ.

"ಯಾರೂ ಅಲ್ಲ. ಸುಳ್ಳು ಹೇಳಿದವನು. ಅದಕ್ಕೇ ಹೇಳ್ತಾ ಇದ್ದೀನಿ."

ಗೋಕುಳದಾಸ ನೆಲ ನೋಡಿದ. ಸಾವರ್ಡೆಗೆ ಹೋದವರಲ್ಲಿ ಅವನೂ ಒಬ್ಬ. ರೈಲು ಬಂತು, ಜನ ಇಳಿದರು, ಗಾಡಿಗಳು ಒಂದೊಂದಾಗಿ ಹೊರಟವು. ಪಾಸ್ಕೊಲನ ಸರದಿ ಬಂದಾಗ ಅವನೂ ಹೊರಟ. ಟ್ಯಾಂಕಿನ ಮುಚ್ಚಳ ತೆಗೆದು ಕಣ್ಣಾರೆ ನೋಡಿದ ಮೇಲೆಯೇ.

ಬೋಲ್ಟಿನ ಅಡಿಯ ಬಣ್ಣವನ್ನು ಅವನು ಚಾಕುವಿನಿಂದ ಕೆರೆದು, ಹಿತ್ತಾಳೆಯ ಬಳೆಯನ್ನು ತಿಕ್ಕಿ ಕೂರಿಸಿದ್ದ. ಪೆಟ್ರೋಲಿನ ಮುಳ್ಳು ನಿಜ ಹೇಳತೊಡಗಿತ್ತು. ಮುರಿದ ನಾಲಗೆಯ ಡಬ್ಬಿಯನ್ನು ಮಾತ್ರ ಅವನಿಂದ ಏನೂ ಮಾಡಲಾಗಲಿಲ್ಲ. ಅಂಥದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕಬ್ಬಿಣದ ಚೂರಿನಿಂದ ಅದನ್ನು ಮಾಡಬಲ್ಲವನು ಒಬ್ಬನೇ. ಪಾಸ್ಕೊಲ್ ಕೇಳಲು ಹೋಗಲಿಲ್ಲ. ಕೇಳುವ ಹಕ್ಕು ತನಗಿಲ್ಲವೆಂದು ಅವನಿಗೆ ಗೊತ್ತಿತ್ತು. ವೇಗದ ಮುಳ್ಳು ಸೊನ್ನೆಯಲ್ಲೇ ಮಲಗಿರಲಿ ಎಂದು ಬಿಟ್ಟ.

ಆ ವಾರದ ಕೊನೆಗೆ ಗೋಕುಳದಾಸ ತನ್ನ ಗಾಡಿಯನ್ನು ಚಾರಿಯ ಅಂಗಳಕ್ಕೆ ಒಯ್ದ. ಅವನೇ ಹಿಂದಿರುಗಿ ಬಂದು ಹೇಳಿದ: "ಪಾಸ್ಕೊಲ್, ಚಾರಿ ಕರೀತಾನೆ. ಗಾಡಿ ತಗೊಂಡು ಬರೋಕೆ ಹೇಳಿದ. ಒಳಗೆ ತರಬಾರದಂತೆ, ರಸ್ತೆಯಲ್ಲೇ ನಿಲ್ಲಿಸಬೇಕಂತೆ."

ಪಾಸ್ಕೊಲ್ ಅಂಗಳದ ಕಲ್ಲಿನ ಆಚೆ, ರಸ್ತೆಯ ಬದಿಯಲ್ಲಿ ಗಾಡಿ ನಿಲ್ಲಿಸಿದ. ಚಾರಿ ಸ್ಪ್ಯಾನರುಗಳ ಡಬ್ಬಿ ಹಿಡಿದುಕೊಂಡು ಹೊರಗೆ ಬಂದ. ಒಳಗೆ ಬಾ ಎನ್ನಲಿಲ್ಲ. ಧೂಳಿನಲ್ಲೇ ಕುಕ್ಕರುಗಾಲಿನಲ್ಲಿ ಕೂತು ಮುಂದಿನ ಚಕ್ರ ಬಿಚ್ಚಿ, ಡಬ್ಬಿಯೊಳಗಿನ ಮುರಿದ ನಾಲಗೆಯನ್ನು ಬೆರಳಿನಿಂದ ತಡವಿ ನೋಡಿದ. ಆಮೇಲೆ ಶುರು ಮಾಡಿದ.

"ಚಕ್ರ ಹಾಕೋವಾಗ ಒಂದು ಸಲ ಕೈಯಿಂದ ತಿರುಗಿಸಿ ನೋಡಬೇಕು ಅಂತ ನಿನಗೆ ಎಷ್ಟು ಸಲ ಹೇಳಿದ್ದೀನಿ? ಕಿವಿ ಎಲ್ಲಿಟ್ಟಿರ್ತೀಯ? ಬಲ ಒಂದಿದ್ರೆ ಸಾಕಾ? ಎಮ್ಮೆಗೂ ಬಲ ಇದೆ. ನಾಲಗೆ ಕೂತಿಲ್ಲ ಅಂದ್ರೆ ಬೋಲ್ಟು ಬಿಗಿಯೋವಾಗ ಕೈಗೇ ತಿಳಿಯುತ್ತೆ. ನಿನ್ನ ಕೈಗೆ ಏನು ತಿಳಿಯುತ್ತೆ? ಬಣ್ಣ ಬಳಿಯೋದು. ಯಾರು ಹೇಳಿದ್ರು ನಿನಗೆ ಬೋಲ್ಟಿನ ಅಡಿಗೆ ಬಳಿಯೋಕೆ? ಅಲ್ಲಿ ಯಾರು ಇಣುಕಿ ನೋಡ್ತಾರೆ? ಪಾದ್ರಿಗಳಾ?"

ಪಾಸ್ಕೊಲನ ಬಾಯಿಗೆ ಉತ್ತರ ಬಂತು. ಅವನು ಅದನ್ನು ನುಂಗಿದ. ಇನ್ನೊಂದು ಬಂತು, ಅದನ್ನೂ ನುಂಗಿದ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿ, ಯಾರು ಯಾರಿಗೆ ಬೈಯುತ್ತಿದ್ದಾರೆಂದು ನಂಬಲಾಗದೆ ಮತ್ತೊಮ್ಮೆ ನೋಡಿ ಹೋದರು.

"ಎತ್ತಿ ಹಿಡಿ," ಎಂದ ಚಾರಿ. "ಅಷ್ಟಲ್ಲ. ಇನ್ನೂ ಮೇಲೆ. ಕಳ್ಳ ಅಂತಾನಂತೆ. ನನ್ನ ಮುಖದ ಮೇಲೆ. ಪಾವು ತಿನ್ನೋವಾಗ."

ಅವನು ಒಳಗೆ ಹೋಗಿ ಅರ ತಂದ. ಕಬ್ಬಿಣದ ಚೂರನ್ನು ಕಲ್ಲಿನ ಮೇಲೆ ಒತ್ತಿ ಹಿಡಿದು ಉಜ್ಜುತ್ತ, ಉಜ್ಜಿದ ಪ್ರತಿ ಎಳೆತಕ್ಕೂ ಒಂದೊಂದು ಮಾತು ಬೈಯುತ್ತ, ತನ್ನ ಪಾಡಿಗೆ ಕೆಲಸ ಮಾಡಿದ. ಪಾಸ್ಕೊಲ್ ಗಾಡಿಯ ಮೂತಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದುಕೊಂಡು, ತೋಳು ನಡುಗುತ್ತಿದ್ದರೂ ಕೆಳಗಿಳಿಸದೆ ನಿಂತಿದ್ದ.